ಹಾಡುವವನ ಕಣ್ಣು ಯಾರ ಮೇಲೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದದ್ದು ಅರ್ಧ ಪುಟದ ಟಿಪ್ಪಣಿ. ಅದಕ್ಕೆ ಇಷ್ಟೊಂದು ಪತ್ರ ಬಂದೀತೆಂದು ಎಣಿಸಿರಲಿಲ್ಲ. ರಾಕ್ ತಂಡದ ಮುಖ್ಯ ಗಾಯಕ ಮ್ಯೂಸಿಕ್ ವಿಡಿಯೋದಲ್ಲಿ ತನ್ನದೊಂದು ಇಮೇಜ್ ಕಟ್ಟಿಕೊಳ್ಳುವುದು ಹೇಗೆ ಎಂಬುದೇ ಹೆಚ್ಚಿನವರ ಕುತೂಹಲ. ಕೆಲವರಿಗೆ ಹಳೆಯ ಕಥೆ ಬೇಕು, ಇನ್ನು ಕೆಲವರಿಗೆ ಬರುವ ಭಾನುವಾರವೇ ಶೂಟಿಂಗ್ ಇದೆ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇವೆ.

ಪ್ರಶ್ನೆ: 'ಬೊಹೀಮಿಯನ್ ರಾಪ್ಸೊಡಿ' ವಿಡಿಯೋದಲ್ಲಿ ಕತ್ತಲೊಳಗಿಂದ ನಾಲ್ಕು ಮುಖ ಮೂಡುತ್ತವೆ, ಆಮೇಲೆ ಫ್ರೆಡ್ಡಿಯ ಮುಖ ಒಂದರ ಹಿಂದೊಂದು ಸಾಲಾಗಿ ಹರಿದುಹೋಗುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರು? ಕಾಲೇಜು ಫೆಸ್ಟ್‌ಗೆ ನಾವೂ ಮಾಡಬಹುದೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಮಾಡಬಹುದು, ಖರ್ಚೂ ಕಡಿಮೆ. ಆ ವಿಡಿಯೋ 1975ರ ನವೆಂಬರ್‌ನಲ್ಲಿ ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಬ್ರೂಸ್ ಗವರ್ಸ್ ನಿರ್ದೇಶನದಲ್ಲಿ ತಯಾರಾಯಿತು. ಚಿತ್ರೀಕರಣಕ್ಕೆ ಹಿಡಿದದ್ದು ಸುಮಾರು 4 ಗಂಟೆ. ಫಿಲಂ ಬಳಸಲಿಲ್ಲ, ವಿಡಿಯೋ ಟೇಪ್ ಬಳಸಿದರು. ನಾಲ್ಕು ಮುಖಗಳ ಭಂಗಿ ಮಾತ್ರ ಹೊಸತಲ್ಲ. 1974ರ 'ಕ್ವೀನ್ 2' ಆಲ್ಬಮ್ಮಿನ ಹೊದಿಕೆಗೆ ಛಾಯಾಗ್ರಾಹಕ ಮಿಕ್ ರಾಕ್ ತೆಗೆದ ಫೋಟೋವನ್ನೇ ಅಲ್ಲಿ ಜೀವಂತಗೊಳಿಸಿದರು. ಆ ಫೋಟೋಗೂ ಒಂದು ಮೂಲವಿದೆ: 1930ರ ದಶಕದ ನಟಿ ಮರ್ಲೀನ್ ಡೀಟ್ರಿಚ್ ಅವರ ಒಂದು ಭಾವಚಿತ್ರ. ಎದೆಯ ಮೇಲೆ ಅಡ್ಡಡ್ಡ ಇಟ್ಟ ಫ್ರೆಡ್ಡಿಯ ಕೈಗಳು ಅಲ್ಲಿಂದ ಬಂದವು. ಹೊದಿಕೆಯಲ್ಲಿ ಉಳಿದ ಮೂವರ ಕೈ ಕಾಣುವುದೇ ಇಲ್ಲ. ಮುಖ ನಾಲ್ಕಿದ್ದರೂ ಗಾಯಕ ಯಾರೆಂದು ಯಾರೂ ಕೇಳಬೇಕಾಗಿಲ್ಲ.

ನೀವು ಮಾಡುವಾಗ ಮೊದಲು ಗೋಡೆಗೆ ಕಪ್ಪು ಬಟ್ಟೆ ಕಟ್ಟಿ. ಮಿನುಗುವ ಸ್ಯಾಟಿನ್ ಬೇಡ, ಬೆಳಕು ನುಂಗುವ ಮಂಕು ಬಟ್ಟೆ ಇರಲಿ. ನಾಲ್ವರೂ ಕುತ್ತಿಗೆವರೆಗೆ ಕಪ್ಪು ಉಡಲಿ. ಒಬ್ಬ ಹಿಂದೆ ಸ್ಟೂಲಿನ ಮೇಲೆ, ಇಬ್ಬರು ಅಕ್ಕಪಕ್ಕ, ಗಾಯಕ ಮುಂದೆ ತಗ್ಗಿನಲ್ಲಿ. ಒಂದೇ ಒಂದು ದೀಪ, ಮುಂದಿನಿಂದ, ಗಾಯಕನ ತಲೆಗಿಂತ ಮೂರ್ನಾಲ್ಕು ಅಡಿ ಮೇಲೆ. ಕೆನ್ನೆಯ ಮೂಳೆಯ ಕೆಳಗೆ ನೆರಳು ಬಿತ್ತೆಂದರೆ ದೀಪ ಸರಿಯಾದ ಜಾಗದಲ್ಲಿದೆ. ಕಣ್ಣು ಕುಳಿಯಲ್ಲಿ ಮುಳುಗಿ ಕಪ್ಪಾದರೆ ದೀಪ ತಲೆಯ ಮೇಲಕ್ಕೆ ಬಂದಿದೆ ಎಂದರ್ಥ, ಅರ್ಧ ಅಡಿ ಕ್ಯಾಮೆರಾ ಕಡೆ ಎಳೆಯಿರಿ, ಇಲ್ಲವೇ ಗಲ್ಲ ಸ್ವಲ್ಪ ಎತ್ತಲು ಹೇಳಿ.

ಇನ್ನು ಸಾಲು ಮುಖಗಳ ವಿಚಾರ. ಕ್ಯಾಮೆರಾ ನೋಡುತ್ತಿರುವುದನ್ನೇ ತೋರಿಸುವ ಮಾನಿಟರಿನತ್ತ ಕ್ಯಾಮೆರಾವನ್ನೇ ತಿರುಗಿಸಿದರು, ಅಷ್ಟೇ. ಎದುರುಬದುರು ಕನ್ನಡಿ ಇರುವ ಕ್ಷೌರದಂಗಡಿಯಲ್ಲಿ ಕೂತಂತೆ, ಚಿತ್ರದೊಳಗೆ ಚಿತ್ರ ಹುಟ್ಟುತ್ತಾ ಹೋಗುತ್ತದೆ. ಫೋನನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ, ಕೋಣೆ ಕತ್ತಲು ಮಾಡಿ, ಗಾಯಕನನ್ನು ಟಿವಿಯ ಅಂಚಿಗೆ ನಿಲ್ಲಿಸಿ, ಅವನೂ ಟಿವಿಯೂ ಎರಡೂ ಫ್ರೇಮಿನಲ್ಲಿ ಬರುವಂತೆ ಹಿಡಿಯಿರಿ. ಫೋನನ್ನು ಒಂದೆರಡು ಡಿಗ್ರಿ ವಾಲಿಸಿದರೆ ಸಾಲು ಸುಳಿಯಂತೆ ತಿರುಗುತ್ತದೆ. ಎಡವಟ್ಟಾಗುವುದು ಬೆಳಕಿನಲ್ಲಿ. ಪ್ರತಿ ಸುತ್ತಿಗೂ ಬೆಳಕು ಬೆಳಕಿಗೆ ಕೂಡಿಕೊಂಡು ಐದಾರು ಸುತ್ತಿನಲ್ಲಿ ಎಲ್ಲ ಬೆಳ್ಳಗಾಗಿಬಿಡುತ್ತದೆ. ಟಿವಿಯ ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಳಿಸಿ, ಫೋನಿನ ಎಕ್ಸ್‌ಪೋಷರ್ ಲಾಕ್ ಮಾಡಿ. ವೈಫೈ ಮೂಲಕ ಕಾಸ್ಟ್ ಮಾಡಿದರೆ ಚಿತ್ರ ತಡವಾಗಿ ಬಂದು ಹಿಂದಿನ ಮುಖಗಳು ಹಿಂದಿನ ಅಕ್ಷರವನ್ನೇ ಹಾಡುತ್ತಿರುತ್ತವೆ. ಕೆಲವು ಹಾಡಿಗೆ ಅದೂ ಚೆನ್ನ.

ಪ್ರಶ್ನೆ: 'ಐ ವಾಂಟ್ ಟು ಬ್ರೇಕ್ ಫ್ರೀ' ವಿಡಿಯೋದಲ್ಲಿ ಫ್ರೆಡ್ಡಿ ಹೆಣ್ಣುಡುಗೆ ತೊಟ್ಟಿದ್ದಾನೆ, ಆದರೆ ಮೀಸೆ ಹಾಗೇ ಇದೆ. ನಮ್ಮ ಸ್ತ್ರೀವೇಷದ ಕಲಾವಿದರು ಕಂಡರೆ ನಗುತ್ತಾರೆ. ಇದು ನಿರ್ಲಕ್ಷ್ಯವೋ, ಬೇಕೆಂದೇ ಮಾಡಿದ್ದೋ?
– ಯಕ್ಷಗಾನ ಪ್ರೇಮಿ, ಕುಂದಾಪುರ

ಉತ್ತರ: ಬೇಕೆಂದೇ ಮಾಡಿದ್ದು. ಯಕ್ಷಗಾನದ ಸ್ತ್ರೀವೇಷದಲ್ಲಿ ಗಂಡೆಂಬುದು ಮರೆತುಹೋಗಬೇಕು, ಅದೇ ಅಲ್ಲಿನ ಸಾಧನೆ. ಇಲ್ಲಿ ಮರೆತರೆ ಕೆಟ್ಟಿತು. 1984ರ ಈ ವಿಡಿಯೋ ಬ್ರಿಟನ್ನಿನ 'ಕೊರೊನೇಷನ್ ಸ್ಟ್ರೀಟ್' ಎಂಬ ಧಾರಾವಾಹಿಯ ಅಣಕ, ನಿರ್ದೇಶಕ ಡೇವಿಡ್ ಮ್ಯಾಲೆಟ್. ನಾಲ್ವರೂ ಹೆಂಗಸರ ವೇಷದಲ್ಲಿದ್ದಾರೆ. ಫ್ರೆಡ್ಡಿ ಗುಲಾಬಿ ಟಾಪು, ಕಪ್ಪು ಲೆದರ್ ಸ್ಕರ್ಟು ತೊಟ್ಟು ವ್ಯಾಕ್ಯೂಮ್ ಕ್ಲೀನರ್ ತಳ್ಳುತ್ತಾನೆ. ಆ ಮೀಸೆ ಜನರ ಕಣ್ಣಿಗೆ ಬಿದ್ದು ನಾಲ್ಕೇ ವರ್ಷವಾಗಿತ್ತು. 1980ರ 'ಪ್ಲೇ ದ ಗೇಮ್' ವಿಡಿಯೋದಲ್ಲಿ ಅದು ಮೊದಲು ಕಂಡಾಗ ಉದ್ದಗೂದಲಿನ, ಉಗುರಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದ ಹಳೆಯ ಫ್ರೆಡ್ಡಿಯ ಅಭಿಮಾನಿಗಳು ಮುನಿಸಿಕೊಂಡಿದ್ದರು. 1984ರ ಹೊತ್ತಿಗೆ ಮೀಸೆಯೇ ಅವನ ಗುರುತು. ಗುರುತನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಡಿಮೇಲು ಮಾಡಿದರೆ ನಗು ಬರುತ್ತದೆ. ಮೀಸೆ ಬೋಳಿಸಿದ್ದರೆ ಅವನು ವೇಷ ಹಾಕಿದ ಇನ್ಯಾರೋ ಆಗುತ್ತಿದ್ದ. ಅದೇ ವಿಡಿಯೋದಲ್ಲಿ ರಾಯಲ್ ಬ್ಯಾಲೆ ನರ್ತಕರೊಂದಿಗಿನ ಭಾಗವೂ ಇದೆ. ಅಲ್ಲಿ ಅವನು ನರ್ತಕ ನಿಜಿನ್‌ಸ್ಕಿಯನ್ನು ಅನುಕರಿಸುತ್ತಿದ್ದುದರಿಂದ ಮೀಸೆ ತೆಗೆದೇ ಬಂದ. ಮೀಸೆ ಯಾವಾಗ ಬೇಕು, ಯಾವಾಗ ಬೇಡ ಎಂಬ ಲೆಕ್ಕ ಪಕ್ಕಾ ಇತ್ತು.

ಬ್ರಿಟನ್ನಿನಲ್ಲಿ ಗಂಡಸರು ಹೆಣ್ಣುವೇಷ ಹಾಕಿ ನಗಿಸುವುದು ಹಳೆಯ ರೂಢಿ, ಜನ ಬಿದ್ದುಬಿದ್ದು ನಕ್ಕರು. ಅಮೆರಿಕದಲ್ಲಿ ಅಣಕಕ್ಕೆ ಗುರಿಯಾದ ಧಾರಾವಾಹಿಯೇ ಗೊತ್ತಿಲ್ಲ, ನಗುವುದು ಯಾತಕ್ಕೆ? ಅಲ್ಲಿ ವಿಡಿಯೋ ಸೋತಿತು. ನಮ್ಮ ಕಂಪನಿ ನಾಟಕದ ಹಾಸ್ಯವನ್ನು ಗಡಿ ದಾಟಿಸಿದಾಗಲೂ ಆಗುವುದು ಇದೇ.

ಪ್ರಶ್ನೆ: ನಮ್ಮ ಬ್ಯಾಂಡಿನ ವಿಡಿಯೋದಲ್ಲಿ ತುಟಿ ಒಂದು ಕಡೆ, ಹಾಡು ಒಂದು ಕಡೆ. ಮೊದಲ ಚರಣ ಸರಿ ಇರುತ್ತದೆ, ಕೊನೆಗೆ ಬರುವಷ್ಟರಲ್ಲಿ ಹಳಿ ತಪ್ಪುತ್ತದೆ. ಗಾಯಕ ಸುಳ್ಳುಗಾರನಂತೆ ಕಾಣುತ್ತಾನೆ.
– ಬೇಸ್ ಗಿಟಾರ್ ವಾದಕ, ಮೈಸೂರು

ಉತ್ತರ: ಆರಂಭದಲ್ಲಿ ಸರಿ ಇದ್ದು ಬರಬರುತ್ತಾ ತಪ್ಪುತ್ತಿದ್ದರೆ ತಪ್ಪು ಗಾಯಕನದಲ್ಲ, ಫೋನಿನದು. ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್ ಸೆಕೆಂಡಿಗೆ ಒಂದೇ ಸಮನೆ ಫ್ರೇಮ್ (ಬಿಡಿಚಿತ್ರ) ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ 30 ಇದ್ದದ್ದು 28ಕ್ಕೆ, 26ಕ್ಕೆ ಇಳಿಯುತ್ತದೆ. ಎಡಿಟಿಂಗ್ ತಂತ್ರಾಂಶ ಅದನ್ನು 30 ಎಂದೇ ನಂಬಿ ಜೋಡಿಸುತ್ತದೆ. ಫ್ರೇಮ್ ದರ ಬಿಗಿಯಾಗಿ ಹಿಡಿಯುವ ಆ್ಯಪ್ ಬಳಸಿ. ಈಗಾಗಲೇ ತೆಗೆದ ಫೈಲನ್ನು ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಬದಲಾಯಿಸಿಕೊಂಡು ಆಮೇಲೆ ಎಡಿಟಿಂಗಿಗೆ ಕೂರಿ.

ನಮ್ಮ ದೇಶದಲ್ಲಿ 25 ಫ್ರೇಮ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿಣುಕುತ್ತವೆ. 25 ಫ್ರೇಮಿಗೆ ಶಟರ್ (ಒಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) ಸೆಕೆಂಡಿನ 1/50, 50 ಫ್ರೇಮಿಗೆ 1/100 ಇಟ್ಟರೆ ಚಿತ್ರದ ಮೇಲೆ ಕಪ್ಪುಪಟ್ಟಿ ಉರುಳುವುದಿಲ್ಲ.

ಇಡೀ ಹಾಡಿಗೂ ಒಂದೇ ಅಳತೆಯಲ್ಲಿ ತುಟಿ ತಪ್ಪಿದ್ದರೆ ದೂರವನ್ನು ನೋಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗಾಯಕನ ಪಕ್ಕದ ಸ್ಪೀಕರಿನಿಂದ 17 ಮೀಟರ್ ಆಚೆ ಇರುವ ಕ್ಯಾಮೆರಾಕ್ಕೆ ಅದು 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. 25ರ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಕ್ಯಾಮೆರಾದ ಸದ್ದಿಗೆ ಮಾಸ್ಟರ್ ಟ್ರ್ಯಾಕ್ (ಮೊದಲೇ ಧ್ವನಿಮುದ್ರಿಸಿದ ಮೂಲ ಹಾಡು) ಹೊಂದಿಸಿದ ಮೇಲೆ ಅಂಥ ದೂರದ ಶಾಟನ್ನು ಟೈಮ್‌ಲೈನಿನಲ್ಲಿ ಒಂದು ಫ್ರೇಮ್ ಬಲಕ್ಕೆ ಸರಿಸಿ. ಬ್ಲೂಟೂತ್ ಸ್ಪೀಕರ್ ತಡ ಮಾಡುತ್ತದಲ್ಲ ಎಂದು ಹೆದರಬೇಡಿ, ಗಾಯಕನೂ ಕ್ಯಾಮೆರಾವೂ ಅದೇ ತಡವಾದ ಸದ್ದನ್ನೇ ಕೇಳುತ್ತಿರುತ್ತಾರೆ. ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಪ, ಬ, ಮ ಇರುವ ಪದ ಹುಡುಕಿ. ತುಟಿ ಮುಚ್ಚದೆ ಹೊರಡದ ಅಕ್ಷರಗಳಿವು, ಒಂದು ಫ್ರೇಮ್ ತಪ್ಪಿದರೂ ಸಿಕ್ಕಿಬೀಳುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಸುಳ್ಳೆನಿಸಿದರೆ ಆಗ ಗಾಯಕನನ್ನು ಹಿಡಿಯಿರಿ. ಬರೀ ತುಟಿ ಆಡಿಸಿದರೆ ಕುತ್ತಿಗೆಯ ನರ ಉಬ್ಬುವುದಿಲ್ಲ, ಸಾಲು ಶುರುವಾಗುವ ಮುನ್ನ ಎದೆ ಏಳುವುದಿಲ್ಲ. ಶೂಟಿಂಗಿನಲ್ಲೂ ಬಾಯಿಬಿಟ್ಟು ಹಾಡಬೇಕು, ಅಪಸ್ವರವಾದರೂ ಪರವಾಗಿಲ್ಲ. ಸ್ಪೀಕರಿನ ಸದ್ದು ಅವನ ದನಿಯನ್ನು ಮುಚ್ಚುವಷ್ಟು ದೊಡ್ಡದಿರಲಿ, ಆಗ ಸಂಕೋಚ ತಾನೇ ಹೋಗುತ್ತದೆ.

ಪ್ರಶ್ನೆ: ಗಾಯಕ ನಿಧಾನವಾಗಿ ನಡೆಯುತ್ತಾನೆ, ಅಲೆ ನಿಧಾನವಾಗಿ ಬರುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಹೊಂದುತ್ತದೆ. ಇದೇನು ಮಾಯೆ?
– ಓದುಗ, ಸಾಗರ

ಉತ್ತರ: ಕೋಲ್ಡ್‌ಪ್ಲೇ ತಂಡದ 'ಯೆಲ್ಲೋ' ನೋಡಿ ಕೇಳಿದ್ದೀರಿ ಎಂದುಕೊಳ್ಳುತ್ತೇವೆ. 2000ದಲ್ಲಿ ಇಂಗ್ಲೆಂಡಿನ ಡಾರ್ಸೆಟ್ ತೀರದ ಸ್ಟಡ್‌ಲ್ಯಾಂಡ್ ಬೇಯಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಸೆಕೆಂಡಿಗೆ 50 ಫ್ರೇಮ್ ಹಿಡಿದರು. 25ರಲ್ಲಿ ತೋರಿಸಿದಾಗ ತುಟಿ ಮಾಮೂಲಿ ವೇಗಕ್ಕಿಳಿಯಿತು, ಸಮುದ್ರ ಅರ್ಧ ವೇಗಕ್ಕಿಳಿಯಿತು. ಇಡೀ ತಂಡ ಇರಬೇಕೆಂದಿತ್ತು. ಅದೇ ದಿನ ಡ್ರಮ್ಮರ್ ತಾಯಿಯ ಅಂತ್ಯಸಂಸ್ಕಾರವಿದ್ದುದರಿಂದ ಕ್ರಿಸ್ ಮಾರ್ಟಿನ್ ಒಬ್ಬನೇ ಮಳೆಯಲ್ಲಿ ನಡೆದ. ಮಳೆಗೆ ತೊಯ್ದ ಒಂಟಿ ಹುಡುಗ ಎಂಬ ಇಮೇಜ್ ಹೀಗೆ ಅನಿವಾರ್ಯದಲ್ಲಿ ಹುಟ್ಟಿತು.

ಮಾಡುವ ವಿಧಾನ: ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಹಾಡು ತೆರೆದು 'ಚೇಂಜ್ ಟೆಂಪೊ'ದಲ್ಲಿ ಶೇ 100 ಏರಿಸಿ, ಶ್ರುತಿ ಬದಲಾಗದೆ ವೇಗ ಎರಡು ಪಟ್ಟಾಗುತ್ತದೆ. ಹಾಡು ಶುರುವಾಗುವುದು ಗಾಯಕನಿಗೆ ತಿಳಿಯಲು ಮೊದಲಿಗೆ ನಾಲ್ಕು ಟಿಕ್ ಸದ್ದು ಸೇರಿಸಿ. 50 ಫ್ರೇಮಿನಲ್ಲಿ ಚಿತ್ರೀಕರಿಸಿ, 25ರ ಟೈಮ್‌ಲೈನಿನಲ್ಲಿ ಶೇ 50 ವೇಗಕ್ಕೆ ಇಳಿಸಿ. ಫೋನಿನಲ್ಲಿ 60 ಮಾತ್ರ ಇದ್ದರೆ ಟೈಮ್‌ಲೈನ್ 30 ಇಡಿ. ಅದನ್ನು 24ಕ್ಕೆ ಹಾಕಿದರೆ ಹಾಡನ್ನು ಎರಡೂವರೆ ಪಟ್ಟು ಓಡಿಸಬೇಕಾಗುತ್ತದೆ, ಯಾವ ನಾಲಿಗೆಯೂ ತಾಳದು. ನಿಮಿಷಕ್ಕೆ 80 ತಾಳದ ಒಳಗಿನ ಹಾಡಾದರೆ ಸಲೀಸು. ಅದಕ್ಕಿಂತ ಚುರುಕಿನ ಹಾಡಿಗೆ ಗಾಯಕ ಒಂದು ವಾರ ಮನೆಯಲ್ಲಿ ಇಮ್ಮಡಿ ವೇಗದಲ್ಲಿ ರೂಢಿ ಮಾಡಿ ಬರಲಿ. ಇನ್ನೊಂದು ಮಾತು: ಶೂಟಿಂಗಿನಲ್ಲಿ ಅವನು ತಲೆ ಅಲ್ಲಾಡಿಸುವುದೂ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಕಣ್ಣು ಮಿಟುಕಿಸುವುದನ್ನು ಕಡಿಮೆ ಮಾಡಲಿ. ನಿಧಾನಗತಿಯಲ್ಲಿ ರೆಪ್ಪೆ ಮುಚ್ಚಿ ತೆರೆದರೆ ನಿದ್ದೆಗಣ್ಣಿನಂತೆ ಕಾಣುತ್ತದೆ.

ರೇಡಿಯೋಹೆಡ್‌ನ 'ನೋ ಸರ್‌ಪ್ರೈಸಸ್' ಇದೇ ಉಪಾಯವನ್ನು ಉಸಿರಿಗಾಗಿ ಬಳಸಿತು. ಥಾಮ್ ಯಾರ್ಕ್ ತಲೆಗೆ ಗಾಜಿನ ಗುಮ್ಮಟ, ಅದರೊಳಗೆ ಏರುವ ನೀರು, ಒಂದೇ ಶಾಟ್. ನೀರಿನೊಳಗಿನ ಭಾಗದಲ್ಲಿ ಹಾಡನ್ನು ವೇಗವಾಗಿ ಓಡಿಸಿ ಆಮೇಲೆ ಚಿತ್ರ ನಿಧಾನಿಸಿದ್ದರಿಂದ, ತೆರೆಯ ಮೇಲೆ ಕಾಣುವಷ್ಟು ಹೊತ್ತು ಅವನು ಉಸಿರು ಕಟ್ಟಬೇಕಾಗಲಿಲ್ಲ. ಇದನ್ನು ಮಾತ್ರ ಮನೆಯ ಬಕೆಟ್ಟಿನಲ್ಲೋ ಅಕ್ವೇರಿಯಮ್ಮಿನಲ್ಲೋ ಪ್ರಯತ್ನಿಸಲೇಬೇಡಿ.

ಪ್ರಶ್ನೆ: ವಿಡಿಯೋ ತುಂಬಾ ಗಾಯಕನೇ. ನನ್ನ ಕೈಯಾದರೂ ಕಂಡೀತೇ ಎಂದು ನೋಡಿದರೆ ಸಿಂಬಲ್ ಮಾತ್ರ ಕಂಡಿತು. ಇದು ನ್ಯಾಯವೇ?
– ಡ್ರಮ್ಮರ್, ಹುಬ್ಬಳ್ಳಿ

ಉತ್ತರ: ನಿಮ್ಮ ಹೊಟ್ಟೆಯುರಿಯಲ್ಲಿ ತಥ್ಯವಿದೆ. ಗಾಯಕ ದೊಡ್ಡವನಾಗಿ ಕಾಣಬೇಕಾದರೂ ಅವನ ಹಿಂದೆ ಯಾರೋ ಬೆವರುತ್ತಿರುವುದು ಕಾಣಬೇಕು. ನಾಲ್ಕು ನಿಮಿಷದ ಹಾಡಿನಲ್ಲಿ ಗಾಯಕನಿಗೆ ಅರ್ಧ ಹೊತ್ತು ಸಾಕು. ಹೊಸ ವಾದ್ಯ ಸೇರಿದ ಕ್ಷಣ, ಲಯ ಬದಲಾದ ಕ್ಷಣ ಆ ವಾದಕನಿಗೆ ಕಟ್ ಮಾಡಲಿ. ಡ್ರಮ್ಮಿಗೆ ಮುಂದಿನಿಂದ ಹಿಡಿದರೆ ಸಿಂಬಲ್ ಮುಖ ಮುಚ್ಚುತ್ತದೆ. ನಿಮ್ಮ ಎಡಭುಜದ ಹಿಂದಿನಿಂದ ಸ್ನೇರ್‌ನತ್ತ ಇಳಿನೋಟವೊಂದು, ಎದುರಿಗೆ ಫ್ಲೋರ್ ಟಾಮ್ ಬದಿಯಿಂದ ಇನ್ನೊಂದು, ಹೀಗೆ ಎರಡು ಶಾಟ್ ಬೇಕೆಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಎಡಿಟಿಂಗ್ ಮೇಜಿನಲ್ಲಿ ಇಲ್ಲದ ಶಾಟಿಗಾಗಿ ಜಗಳವಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ನಾನು ಹಾಡುತ್ತೇನೆ, ಆದರೆ ಕ್ಯಾಮೆರಾ ಕಂಡರೆ ಮುಖ ಬಿಗಿಯುತ್ತದೆ. ಮುಖ ತೋರಿಸದೆ ಇಮೇಜ್ ಬರುತ್ತದೆಯೇ?
– ಗಾಯಕಿ, ಮಂಗಳೂರು

ಉತ್ತರ: ಬರುತ್ತದೆ, ಕೆಲವೊಮ್ಮೆ ಹೆಚ್ಚೇ ಬರುತ್ತದೆ. ನಿರ್ವಾಣಾ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' 1991ರಲ್ಲಿ ಸ್ಯಾಮ್ಯುಯೆಲ್ ಬೇಯರ್ ನಿರ್ದೇಶಿಸಿದ ವಿಡಿಯೋ. ಅದರುದ್ದಕ್ಕೂ ಕರ್ಟ್ ಕೊಬೇನ್ ಮುಖ ಕೂದಲು, ಹೊಗೆ, ನೆರಳಿನ ಮರೆಯಲ್ಲಿದೆ. ಮೊದಲ ಎಡಿಟ್ ಹಿಡಿಸದೆ ಅವನೇ ಕೂತು ತಿದ್ದಿಸಿದ, ಮುಗಿಯುವ ಹೊತ್ತಿಗೆ ತನ್ನ ಮುಖದ ಕ್ಲೋಸಪ್ ಒಂದನ್ನು ಸೇರಿಸಿದ. ಕೊನೆಯವರೆಗೆ ಕಾಯಿಸಿ ಕೊಟ್ಟದ್ದರಿಂದ ಆ ಒಂದು ನೋಟ ನೆನಪಿನಲ್ಲಿ ನಿಂತಿತು. ಆರ್‌ಇಎಂ ತಂಡದ ಮೈಕೆಲ್ ಸ್ಟೈಪ್ ಮೊದಮೊದಲು ತುಟಿ ಆಡಿಸಲು ಒಪ್ಪುತ್ತಲೇ ಇರಲಿಲ್ಲ. 1991ರ 'ಲೂಸಿಂಗ್ ಮೈ ರಿಲಿಜನ್'ನಲ್ಲಿ ಒಪ್ಪಿದಾಗ ನಿರ್ದೇಶಕ ನಮ್ಮ ಜಲಂಧರ್ ಮೂಲದ ತರ್ಸೆಮ್ ಸಿಂಗ್. ಅಲ್ಲಿ ಸ್ಟೈಪ್ ಕೈಕಾಲು ಎತ್ತೆತ್ತಲೋ ಬೀಸಿ ಕುಣಿದ. ಚಂದದ ಕುಣಿತವಲ್ಲ, ಅವನದೇ ಕುಣಿತ.

ನಿಮಗೆ ಹೇಳುವುದಿಷ್ಟು. ಮೊದಲ ಟೇಕುಗಳನ್ನು ಪಕ್ಕದಿಂದ, ಹಿಂದಿನಿಂದ ಹಿಡಿಯಲಿ, ನೀವು ಕಿಟಕಿ ಕಡೆ ನೋಡಿ ಹಾಡಿ. ಕ್ಯಾಮೆರಾವನ್ನು ಎರಡು ಮೀಟರ್ ದೂರವಿಟ್ಟು ಫೋನಿನ 2ಎಕ್ಸ್ ಅಥವಾ 3ಎಕ್ಸ್ ಲೆನ್ಸಿನಲ್ಲಿ ಹಿಡಿಯಲಿ. 1ಎಕ್ಸ್ ಲೆನ್ಸನ್ನು ಮೂಗಿನ ಹತ್ತಿರ ತಂದರೆ ಮೂಗು ದೊಡ್ಡದಾಗಿ ಕಿವಿ ಮಾಯವಾಗುತ್ತದೆ. ಕ್ಯಾಮೆರಾ ಕಂಡರೆ ಬಿಗಿಯುವವರಲ್ಲಿ ಎಷ್ಟೋ ಮಂದಿ ಆ ವಿಕಾರವನ್ನು ಒಮ್ಮೆ ಕಂಡು ಹೆದರಿದವರು. ಇಡೀ ಹಾಡಿನಲ್ಲಿ ಒಂದೇ ಒಂದು ಸಾಲಿಗೆ ಲೆನ್ಸನ್ನು ನೇರ ನೋಡಿ. ಯಾವ ಸಾಲೆಂದು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ. ನಮ್ಮ ಪ್ರಕಾರ ಇಮೇಜ್ ನಿಲ್ಲುವುದು ಬಟ್ಟೆಗಿಂತ, ಮೇಕಪ್ಪಿಗಿಂತ ಹೆಚ್ಚಾಗಿ ಈ ನೋಟದ ಮೇಲೆ. ಹಾಡುವವರು ಯಾರನ್ನು, ಯಾವಾಗ, ಎಷ್ಟು ಹೊತ್ತು ನೋಡುತ್ತಾರೆ ಎಂಬುದರ ಮೇಲೆ.

ಪ್ರಶ್ನೆ: ರಾಕ್ ಎಂದಮೇಲೆ ಲೆದರ್ ಜಾಕೆಟ್ ಬೇಡವೇ? ನಮ್ಮೂರ ಬಿಸಿಲಿಗೆ ಹತ್ತು ನಿಮಿಷ ಹಾಕಲಾಗುವುದಿಲ್ಲ.
– ಗಾಯಕ, ಕಲಬುರಗಿ

ಉತ್ತರ: ಬೇಡ. ಬೆಂಗಳೂರಿನ ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಶರೀಫರ ಪದಗಳನ್ನು ಹಾಡಿಕೊಂಡು ಹೊರದೇಶದ ವೇದಿಕೆಗಳನ್ನೂ ಹತ್ತಿ ಬಂದಿದ್ದಾರೆ. ಗಮನಿಸಬೇಕಾದದ್ದು ಲುಂಗಿಯನ್ನಲ್ಲ, ಅದನ್ನು ಅವರು ವರ್ಷಗಟ್ಟಲೆ ಬಿಡದಿರುವುದನ್ನು. ಫ್ರೆಡ್ಡಿಯ ತಳವಿಲ್ಲದ ಅರ್ಧ ಮೈಕ್ ಸ್ಟ್ಯಾಂಡೂ ಹಾಗೆಯೇ. ಅದು ಮುರಿದಿದ್ದು ಆಕಸ್ಮಿಕ, ಕೊನೆಯವರೆಗೆ ಅದನ್ನೇ ಹಿಡಿದದ್ದು ತೀರ್ಮಾನ. ಬಿಳಿ ಪಂಚೆ ಉಡುವುದಾದರೆ ನಡುಹಗಲು ಶೂಟ್ ಮಾಡಬೇಡಿ, ಪಂಚೆ ಸುಟ್ಟ ಬಿಳಿಯಾಗಿ ನೆರಿಗೆಯೇ ಕಾಣದು. ಬೆಳಗ್ಗೆ ಆರೂವರೆಯಿಂದ ಎಂಟೂವರೆ ನಿಮ್ಮ ಸಮಯ. ಬಿಳಿಗಿಂತ ಹಾಲುಗೆನೆ ಬಣ್ಣದ್ದು ಮೇಲು. ಸಣ್ಣ ಗೀಟು, ಸಣ್ಣ ಚೌಕುಳಿಯ ಅಂಗಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕುಣಿಯುತ್ತದೆ, ತರಲೇಬೇಡಿ.

ಪ್ರಶ್ನೆ: ಯು2 ತಂಡದ ಬೋನೋ ಕಪ್ಪು ಕನ್ನಡಕ ತೆಗೆಯುವುದೇ ಇಲ್ಲವೇಕೆ? ನಾವೂ ಹಾಕಿದರೆ ಗಾಜಿನಲ್ಲಿ ಕ್ಯಾಮೆರಾದವನೇ ಕಾಣುತ್ತಾನೆ.
– ಓದುಗ, ತುಮಕೂರು

ಉತ್ತರ: 1991ರ 'ದ ಫ್ಲೈ' ಹಾಡಿನ ಹೊತ್ತಿಗೆ ಅದೊಂದು ಪಾತ್ರದ ವೇಷವಾಗಿತ್ತು. ತನಗೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದೆ, ಕನ್ನಡಕ ಬಿಡದಿರಲು ಅದೂ ಕಾರಣ ಎಂದು ಬೋನೋ 2014ರಲ್ಲಿ ಬಹಿರಂಗಪಡಿಸಿದ. ಇನ್ನು ನಿಮ್ಮ ಗಾಜು: ಕನ್ನಡಕದ ಕಡ್ಡಿಯ ತುದಿಯನ್ನು ಕಿವಿಯಿಂದ ಅರ್ಧ ಸೆಂಟಿಮೀಟರ್ ಎತ್ತಿದರೆ ಗಾಜು ನೆಲದ ಕಡೆ ವಾಲುತ್ತದೆ. ಕ್ಯಾಮೆರಾದವನು ಕಪ್ಪು ಅಂಗಿ ತೊಡಲಿ, ಬೆನ್ನ ಹಿಂದೆ ಕಪ್ಪು ಬಟ್ಟೆ ಇರಲಿ.

ಪ್ರಶ್ನೆ: ನಮ್ಮ ಗಾಯಕ ಡೆಂಗಿಯಿಂದ ಈಗಷ್ಟೇ ಎದ್ದಿದ್ದಾನೆ, ನಿತ್ರಾಣ. ಲೊಕೇಷನ್ ಮುಂಗಡ ಕೊಟ್ಟಾಗಿದೆ. ಹಾರಿ ಕುಣಿಯುವವನು ನಿಂತಲ್ಲೇ ನಿಂತರೆ ಜನ ಏನಂದಾರು?
– ಬ್ಯಾಂಡ್ ಮ್ಯಾನೇಜರ್, ಚಿಕ್ಕಮಗಳೂರು

ಉತ್ತರ: ಮೊದಲು ವೈದ್ಯರನ್ನು ಕೇಳಿ, ಮುಂಗಡ ಹೋದರೆ ಹೋಗಲಿ. ಅವರು ಒಪ್ಪಿದರೆ 'ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್' ವಿಡಿಯೋ ನೋಡಿ. 1991ರ ಮೇ ತಿಂಗಳಲ್ಲಿ ಫ್ರೆಡ್ಡಿ ಕ್ಯಾಮೆರಾದ ಮುಂದೆ ಹಾಡಿದ ಕೊನೆಯ ಸಲ ಅದು. ಅದೇ ನವೆಂಬರ್ 24ರಂದು ತೀರಿಕೊಂಡ. ಕಾಯಿಲೆ ಮರೆಮಾಡಲು ದಪ್ಪ ಮೇಕಪ್ ಹಚ್ಚಿ, ಚಿತ್ರವನ್ನು ಕಪ್ಪು-ಬಿಳುಪಾಗಿಸಿದರು. ವೇದಿಕೆಯುದ್ದ ಓಡುತ್ತಿದ್ದವನು ಇಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದಾನೆ. ತನ್ನ ಬೆಕ್ಕುಗಳ ಚಿತ್ರವಿರುವ ವೇಸ್ಟ್‌ಕೋಟ್ ತೊಟ್ಟಿದ್ದಾನೆ, ಕೈಗಳಷ್ಟೇ ಆಡುತ್ತವೆ. ಗಿಟಾರ್ ವಾದಕ ಬ್ರಯನ್ ಮೇ ಆ ದಿನ ಇರಲಿಲ್ಲ, ಅವನ ಶಾಟುಗಳನ್ನು ಆಮೇಲೆ ತೆಗೆದು ಸೇರಿಸಿದರು.

ಅದೇ ಕ್ರಮ ನಿಮಗೂ ಆದೀತು. ಗಾಯಕನ ಕ್ಲೋಸಪ್ಪುಗಳನ್ನು ಬೆಳಗ್ಗೆ ಮೊದಲ ಒಂದು ಗಂಟೆಯಲ್ಲಿ ಮುಗಿಸಿ ಮನೆಗೆ ಕಳುಹಿಸಿ, ಉಳಿದವರನ್ನು ಆಮೇಲೆ ಹಿಡಿಯಿರಿ. ಫ್ರೇಮಿನ ಹೊರಗೆ ಬೆನ್ನಿಗೊಂದು ಎತ್ತರದ ಸ್ಟೂಲ್ ಇಟ್ಟರೆ ನಿಂತಂತೆ ಕಾಣುತ್ತಲೇ ಅರ್ಧ ಕೂತಿರಬಹುದು. ಮೂರು ಟೇಕಿಗಿಂತ ಹೆಚ್ಚು ಬೇಡ. ಬಣ್ಣದಲ್ಲೇ ಚಿತ್ರೀಕರಿಸಿ, ಕಪ್ಪು-ಬಿಳುಪು ಮಾಡುವಾಗ ಕೆಂಪು ಚಾನೆಲ್ ಏರಿಸಿ. ಮೈಮೇಲಿನ ಕೆಂಪು ಗುಳ್ಳೆ, ಕಲೆಗಳೆಲ್ಲ ಚರ್ಮದೊಂದಿಗೆ ಬೆರೆತುಹೋಗುತ್ತವೆ. ಅಪ್ಪಿತಪ್ಪಿ ನೀಲಿ ಏರಿಸಿದಿರೋ, ಒಂದೊಂದು ಕಲೆಯೂ ಎದ್ದು ಕೂರುತ್ತದೆ. ಕುಣಿಯಲಾಗದ್ದಕ್ಕೆ ಕ್ಯಾಮೆರಾ ಅಲ್ಲಾಡಿಸಿ ಸರಿದೂಗಿಸಲು ಹೋಗಬೇಡಿ, ಅದೂ ಟ್ರೈಪಾಡಿನ ಮೇಲೆ ಅಲುಗದೆ ನಿಲ್ಲಲಿ.